ಪಕ್ಕದ ಬಣ್ಣ

ದೇಬೋರಾ ಹುಟ್ಟಿದಾಗ ಔರಾದದ ಅವಳ ಅಜ್ಜಿ ಕೂಸಿನ ಮುಖ ನೋಡಲಿಲ್ಲ, ಕಿವಿಯ ಹಿಂದೆ ನೋಡಿದಳು. ಎಳೆಗೂಸಿನ ಮುಖ ಹೇಗೂ ಕೆಂಪಗಿರುತ್ತದೆ, ಅದು ನಾಲ್ಕು ದಿನದ ವೈಭವ. ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆಂಬುದು ಕಿವಿಯ ಹಿಂದೆ ಬರೆದಿರುತ್ತದೆ ಎಂಬುದು ಮುದುಕಿಯರ ನಂಬಿಕೆ. ಅಜ್ಜಿ ಆ ಕಿವಿಯನ್ನು ಮಡಚಿ ನೋಡಿ, "ಹೋತು ತಗೊ," ಎಂದು ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿ ಕಡಲೆಹಿಟ್ಟಿನ ಡಬ್ಬಿ ಹುಡುಕಲು ಹೋದಳು.

ಆಮೇಲೆ ಅವಳಿಗೆ ಹಚ್ಚಿದ ಹಿಟ್ಟಿನಲ್ಲಿ ಒಂದು ಹೋಟೆಲು ವರ್ಷವಿಡೀ ಭಜಿ ಕರಿಯಬಹುದಿತ್ತು. ಹಿಟ್ಟು, ಹಾಲಿನ ಕೆನೆ, ಲಿಂಬೆಸಿಪ್ಪೆ ಎಲ್ಲ ಹಾಕಿ ತಿಕ್ಕಿ ತಿಕ್ಕಿ ಹುಡುಗಿಯ ಚರ್ಮ ಸುಲಿಯಿತೇ ಹೊರತು ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಅಪ್ಪ ಮಿಷನ್ ಆಸ್ಪತ್ರೆಯ ಕಂಪೌಂಡರ. ಚರ್ಚಿನಲ್ಲಿ ಅವರ ಮನೆಯವರದು ಮುಂದಿನ ಬೆಂಚು. ಕ್ರಿಸ್‌ಮಸ್ ನಾಟಕದಲ್ಲಿ ಮರಿಯಳ ಪಾರ್ಟು ಸಿಗಲೆಂದು ದೇಬೋರಾ ಪ್ರತಿವರ್ಷ ಮರಿಯಳ ಮಾತನ್ನೆಲ್ಲ ಬಾಯಿಪಾಠ ಮಾಡುತ್ತಿದ್ದಳು. ಪ್ರತಿವರ್ಷ ಅವಳಿಗೆ ಗಡ್ಡ ಅಂಟಿಸಿ, ನಕ್ಷತ್ರ ನೋಡಿಕೊಂಡು ಬರುವ ಮೂವರು ಜ್ಞಾನಿಗಳಲ್ಲಿ ಕರಿಯ ರಾಜನನ್ನಾಗಿ ಮಾಡುತ್ತಿದ್ದರು. "ನಿನಗ ಮುಖಕ್ಕ ಮಸಿ ಹಚ್ಚೋ ತ್ರಾಸ ಇಲ್ಲ ನೋಡವ್ವ," ಎಂದು ಸಂಡೇ ಸ್ಕೂಲಿನ ಟೀಚರು ನಗುತ್ತಿದ್ದರು. ಅವರೇನು ಕೆಟ್ಟವರಲ್ಲ, ಅಷ್ಟೇ ಪ್ರೀತಿಯಿಂದ ಅವಳಿಗೆ ಕೇಕಿನ ದೊಡ್ಡ ತುಂಡನ್ನೂ ಕೊಡುತ್ತಿದ್ದರು.

ಬೆಳೆದ ಮೇಲೆ ಹೈದರಾಬಾದಿಗೆ ಹೋಗಿ ಬಟ್ಟೆ, ಬಣ್ಣಗಳ ಡಿಪ್ಲೊಮಾ ಓದಿದಳು. ಅಲ್ಲೊಬ್ಬ ಮಾಸ್ತರರು ಒಂದು ದಿನ ಒಂದೇ ಬೂದು ಬಟ್ಟೆಯಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಬಿಳಿ ಹಾಳೆಯ ಮೇಲೆ, ಇನ್ನೊಂದನ್ನು ಕರಿ ಹಾಳೆಯ ಮೇಲೆ ಇಟ್ಟರು. ಬಿಳಿಯ ಮೇಲಿನ ಬೂದು ಕಪ್ಪಿಟ್ಟಿತು. ಕರಿಯ ಮೇಲಿನದು ಬೆಳ್ಳಗೆ ಎದ್ದು ಕಂಡಿತು. ಎತ್ತಿ ಎರಡನ್ನೂ ಜೋಡಿಸಿ ಹಿಡಿದರೆ ಎಳ್ಳಷ್ಟೂ ಫರಕಿಲ್ಲ. ಬಣ್ಣವನ್ನು ಕಣ್ಣು ಒಂಟಿಯಾಗಿ ನೋಡುವುದೇ ಇಲ್ಲ, ಪಕ್ಕದ ಬಣ್ಣದ ಜೊತೆ ತೂಗಿ ನೋಡುತ್ತದೆ ಎಂದರು. ದೇಬೋರಾ ಹಾಸ್ಟೆಲಿಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತಳು. ಹುಟ್ಟಿದಂದಿನಿಂದ ತನ್ನ ಚರ್ಮದ ಮೇಲೆ ಹೊರಿಸಿದ ಅಪರಾಧಕ್ಕೆ ಪಾಲುದಾರರಿದ್ದಾರೆಂದು ಅವತ್ತು ಮೊದಲ ಸಲ ಗೊತ್ತಾಯಿತು.

ಇಂಥ ಜ್ಞಾನ ಸಿಕ್ಕವರು ಎರಡರಲ್ಲಿ ಒಂದು ಮಾಡಬಹುದು. ಕಪ್ಪು ಬಿಳುಪಿನ ತಕ್ಕಡಿಯನ್ನೇ ಬಿಸಾಕಿ ಹಾಯಾಗಿರಬಹುದು, ಇಲ್ಲವೇ ಅದೇ ತಕ್ಕಡಿಯಲ್ಲಿ ಮೋಸದಿಂದ ತೂಗುವುದನ್ನು ಕಲಿಯಬಹುದು. ದೇಬೋರಾ ಮೊದಲನೆಯದನ್ನು ವಿದ್ಯಾರ್ಥಿಗಳಿಗೆ ಕಲಿಸಿದಳು, ಎರಡನೆಯದನ್ನು ಮನೆಗೆ ಇಟ್ಟುಕೊಂಡಳು. ಓದೋದು ಶಾಸ್ತ್ರ, ಹಾಕೋದು ಗಾಳ ಎಂದು ಹಿರಿಯರು ಇಂಥವರನ್ನು ನೋಡಿಯೇ ಅಂದಿರಬೇಕು. ಆದರೂ ಅವಳ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ, ಆ ಗಡ್ಡ ನೆನಪಾಗುತ್ತದೆ.

ಮದುವೆಯಾದದ್ದು ಸ್ಯಾಮ್ಸನನನ್ನು, ಬೀದರಕ್ಕೆ ಹತ್ತಿದ ಕೊಳಾರದ ಕಾರ್ಖಾನೆಯೊಂದರ ಸ್ಟೋರ್‌ಕೀಪರ. ಬಣ್ಣ ಗೋಧಿಯದು, ಒಂದು ಕಾಲು ಸ್ವಲ್ಪ ಕುಂಟು. ನಾವೇ ನಷ್ಟದ ವ್ಯಾಪಾರ ಮಾಡಿದೆವು ಎಂದು ಎರಡೂ ಕಡೆಯವರು ಒಳಗೊಳಗೇ ತಿಳಿದುಕೊಂಡಿದ್ದರಿಂದ ಮದುವೆ ತಕರಾರಿಲ್ಲದೆ ನಡೆಯಿತು. ಬೀದರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಖಾಸಗಿ ಫ್ಯಾಷನ್ ಡಿಸೈನ್ ಕಾಲೇಜು ತೆರೆದಾಗ ಬಣ್ಣದ ಪಾಠಕ್ಕೆ ದೇಬೋರಾ ಸೇರಿದಳು.

ಅವಳ ಪಾಠಕ್ಕೆ ಎರಡು ಮಾತಿಲ್ಲ. ಟ್ಯೂಬ್‌ಲೈಟಿನಲ್ಲಿ ಹೊಂದಿದ ರವಿಕೆ ಬಿಸಿಲಿಗೆ ಬಂದ ಕೂಡಲೇ ಸೀರೆಯ ಮೇಲೆ ಯಾಕೆ ಮುನಿಸಿಕೊಳ್ಳುತ್ತದೆ ಎಂಬುದನ್ನು ಕಿಟಕಿಗೂ ಬಾಗಿಲಿಗೂ ಓಡಾಡಿಸಿ ತೋರಿಸುತ್ತಿದ್ದಳು. ಪ್ರತಿಯೊಬ್ಬರೂ ತಮ್ಮ ಮುಂಗೈಯ ಬಣ್ಣವನ್ನು ಕಾಗದದ ಪಟ್ಟಿಯ ಮೇಲೆ ಕಲಸಿ, ಪಟ್ಟಿಯನ್ನು ಕೈಮೇಲಿಟ್ಟರೆ ಮಾಯವಾಗಬೇಕು, ಅಷ್ಟು ಹೊಂದಿಸಿ ತರಬೇಕೆಂದು ಕಟ್ಟಪ್ಪಣೆ. "ಬಣ್ಣದಾಗ ಕೆಟ್ಟದ್ದು ಅಂಬೋದು ಇಲ್ಲ. ಬಾಜೂದು ತಪ್ಪಿರ್ತದ, ಅಷ್ಟ," ಎನ್ನುತ್ತಿದ್ದಳು. ಹುಡುಗಿಯರು ಅದನ್ನು ಬರೆದುಕೊಂಡು, ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮುಖ ಬಿಳಿ ಮಾಡುವ ಕ್ರೀಮು ಕೊಳ್ಳುತ್ತಿದ್ದರು.

ಬೂದು ಚೌಕಗಳ ಪಾಠದ ದಿನ, ಯಾವುದು ಹೆಚ್ಚು ಕಪ್ಪು ಎಂದು ಕೇಳಿದರೆ ಇಡೀ ತರಗತಿ ಬಿಳಿ ಹಾಳೆಯ ಕಡೆ ಬೆರಳು ತೋರಿಸುವುದು ಪ್ರತಿವರ್ಷದ ರೂಢಿ. ಈ ವರ್ಷ ಒಬ್ಬಳು ಬೆರಳೆತ್ತಲಿಲ್ಲ. ಔರಾದದಿಂದ ದಿನಾ ಬಸ್ಸಿಗೆ ಬರುವ, ಬೌದ್ಧರ ಮನೆಯ ಹುಡುಗಿ ಪ್ರಣಿತಾ. ತರಗತಿಯಲ್ಲಿ ಎಲ್ಲರಿಗಿಂತ ಕಪ್ಪು, ದೇಬೋರಾಳಿಗಿಂತಲೂ ಒಂದು ಕೈ ಮುಂದೆ.

"ನೇಯ್ಗಿ ನೋಡಿದ್ರ ಎರಡೂ ಒಂದ ಥಾನಿನ ಬಟ್ಟಿ ಅವ್ರಿ ಮೇಡಂ," ಅಂದಳು. "ಬಾಜೂದು ಸುಳ್ಳ ಹೇಳ್ಲತ್ತದ್ರಿ."

ದೇಬೋರಾಳಿಗೆ ಎದೆ ತುಂಬಿ ಬಂತು. ಅವತ್ತಿನಿಂದ ಪ್ರಣಿತಾ ಅವಳ ಮುದ್ದಿನ ಶಿಷ್ಯೆ. ಮೇಡಂ ಅಂದರೆ ಪ್ರಣಿತಾಳಿಗೂ ಜೀವ. ಬಸ್ಸು ತಪ್ಪೀತೆಂದು ಊಟ ಬಿಟ್ಟಾದರೂ ಮೊದಲ ಪಾಠಕ್ಕೆ ಓಡಿ ಬರುವಳು.

ಈಗ ಮನೆಯ ಮಾತು. ದೇಬೋರಾಳಿಗೆ ಒಬ್ಬಳೇ ಮಗಳು, ಬ್ಲೆಸ್ಸಿ. ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸು. ಅಪ್ಪನ ಮೂಗು, ಅಪ್ಪನ ಎತ್ತರ, ಅಮ್ಮನ ಬಣ್ಣ, ಬೇಕಾದರೆ ಒಂದು ಕೂದಲೆಳೆಯಷ್ಟು ತಿಳಿ. ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಪ್ರಾರ್ಥನೆ ಮಾಡಿ, "ಹುಡುಗಿ ಗುಣಾ ಛಲೋ ಅದ್ರಿ, ದೇವರ ಚಿತ್ತ ಇದ್ದಂಗ ಆಗ್ಲಿ," ಎಂದು ಹೋಗಿ, ದೇವರ ಚಿತ್ತವನ್ನು ಮಧ್ಯಸ್ಥರ ಕೈಲಿ ಹೇಳಿ ಕಳಿಸುತ್ತಿದ್ದರು. ದೇವರ ಚಿತ್ತ ಯಾವಾಗಲೂ ಬೆಳ್ಳಗಿನ ಹುಡುಗಿಯರ ಕಡೆಗೇ ಇರುತ್ತಿತ್ತು. ಕಡೆಯ ಗಂಡಿನವರು ಬೇಡವೆಂದ ದಿನ ಬ್ಲೆಸ್ಸಿ ಬಚ್ಚಲಲ್ಲಿ ಪಾತ್ರೆ ತಿಕ್ಕುವ ನಾರಿನಿಂದ ಕೆನ್ನೆ ಉಜ್ಜಿಕೊಂಡು ರಕ್ತ ಬರಿಸಿಕೊಂಡಳು. ಅದನ್ನು ನೋಡಿ ದೇಬೋರಾ ಆ ನಾರನ್ನು ಕಿತ್ತುಕೊಂಡು ಹೊರಗೆ ಎಸೆದಳು. ಮುಂದಿನ ಗಂಡು ತಪ್ಪಬಾರದು, ಏನು ಬೇಕಾದರೂ ಮಾಡೇನು ಎಂದು ಅವತ್ತೇ ನಿಶ್ಚಯಿಸಿದಳು.

ಮುಂದಿನ ಗಂಡು ಭಾಲ್ಕಿಯ ಶಾಲೋಮ, ಶಾಲಾ ಮಾಸ್ತರ. ಅವನ ತಾಯಿ ರೂತಮ್ಮ, ಸೂಜಿ ಕಣ್ಣಿನ ಹೆಂಗಸು. ರವಿವಾರ ಆರಾಧನೆ ಮುಗಿಸಿಕೊಂಡು ಬರುತ್ತೇವೆಂದು ಹೇಳಿ ಕಳಿಸಿದ್ದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ದೇಬೋರಾ ಬಾಯಲ್ಲಿ ಹೇಳಲಿಲ್ಲ, ಬಣ್ಣದಲ್ಲಿ ಹೇಳಿದಳು. ಬಿಳಿ ಗೋಡೆಯ ಮುಂದೆ ಕಾಫಿಪುಡಿ ಬಣ್ಣದ ಪರದೆ ಇಳಿಬಿಟ್ಟಳು. ಟ್ಯೂಬ್‌ಲೈಟು ಬಿಚ್ಚಿಸಿ ಹಳದಿ ಬಲ್ಬು ಹಾಕಿಸಿದಳು. ಕುರ್ಚಿಗಳ ಬಿಳಿ ಕಸೂತಿ ಹೊದಿಕೆ, ಬಿಳಿ ಪಿಂಗಾಣಿ ಬಸಿಗಳು, ಮೇಜಿನ ಮೇಲಿದ್ದ ಕಾಗದದ ಮಲ್ಲಿಗೆ ಎಲ್ಲ ಕಪಾಟಿಗೆ ಹೋದವು. ಬ್ಲೆಸ್ಸಿಗೆ ಕಡು ನೇರಳೆ ಸೀರೆ. ಅವಳನ್ನು ಕೂರಿಸಿ, ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿದಳು. ಎರಡು ಛಾಯೆ ಏರಿದ್ದಳು, ಆದರೂ ಸಾಲದು. ಜನ ಮುಖವನ್ನು ಪರದೆಯ ಜೊತೆ ತೂಗುವುದಿಲ್ಲ, ಮುಖದ ಜೊತೆಗೇ ತೂಗುತ್ತಾರೆ. ಪಕ್ಕದಲ್ಲಿ ಒಂದು ಮುಖ ಬೇಕು.

"ಯಾನ್ ನಾಟಕ ಇದು?" ಎಂದ ಸ್ಯಾಮ್ಸನ. "ಹುಡುಗಿ ನೋಡ್ಲಾಕ ಬರ್ತಾರೋ, ಸಿನಿಮಾ ನೋಡ್ಲಾಕ ಬರ್ತಾರೋ?"

"ನೀವ ಸುಮ್ನ ಕುಂದರ್ರಿ," ಎಂದಳು ದೇಬೋರಾ.

ಶನಿವಾರ ಕಾಲೇಜಿನಲ್ಲಿ ಪ್ರಣಿತಾಳನ್ನು ಪಕ್ಕಕ್ಕೆ ಕರೆದು, "ನಾಳಿ ನಮ್ಮ ಮನಿಗಿ ಬಾ. ಅಕ್ಕನ್ನ ನೋಡ್ಲಾಕ ಬರ್ಲತ್ತಾರ, ಜರಾ ಆಸರಾ ಆಗ್ತಿ," ಎಂದು ತಿಳಿ ನಿಂಬೆಹಣ್ಣಿನ ಬಣ್ಣದ ಹೊಸ ಸೀರೆ ಕೈಗಿಟ್ಟಳು. ಆ ಬಣ್ಣ ಕಪ್ಪು ಮೈಯನ್ನು ಇನ್ನಷ್ಟು ಕಪ್ಪು ಮಾಡುತ್ತದೆಂದು ಕಲಿಸಿದವಳು ಅವಳೇ. ಪ್ರಣಿತಾ ಅದನ್ನು ಯೋಚಿಸಲಿಲ್ಲ. ಮೇಡಂ ಮನೆಗೆ ಕರೆದ ಮೊದಲ ವಿದ್ಯಾರ್ಥಿ ತಾನು ಎಂಬುದೇ ತಲೆಯಲ್ಲಿ ತುಂಬಿತ್ತು. ಔರಾದದಲ್ಲಿ ಅವಳ ಅವ್ವ ಶಾಲುಬಾಯಿ ಆ ಸೀರೆಯನ್ನು ಓಣಿಗೆಲ್ಲ ತೋರಿಸಿ ಬಂದು, ಮಗಳು ಬರಿಗೈಯಲ್ಲಿ ಹೋಗಬಾರದೆಂದು ಶೇಂಗಾ ಹೋಳಿಗೆ ಮಾಡಿ ಸ್ಟೀಲ್ ಡಬ್ಬಿಯ ತುಂಬ ಕಟ್ಟಿಕೊಟ್ಟಳು.

ಮರುದಿನ ಪ್ರಣಿತಾ ನಗುತ್ತ ಒಳಗೆ ಬಂದಳು. ಪರದೆ ನೋಡಿದಳು. ಹಾಡುಹಗಲಲ್ಲಿ ಉರಿಯುತ್ತಿದ್ದ ಹಳದಿ ಬಲ್ಬು ನೋಡಿದಳು. ಕಡು ನೇರಳೆಯಲ್ಲಿ ಕೂತ ಬ್ಲೆಸ್ಸಿಯನ್ನು, ಆಮೇಲೆ ತಾನು ಉಟ್ಟ ಸೀರೆಯನ್ನು ನೋಡಿಕೊಂಡಳು. ಅವಳದು ತರಗತಿಯಲ್ಲೇ ಚುರುಕಾದ ಕಣ್ಣು, ಮತ್ತೆ ಕೇಳುವುದೇನಿತ್ತು? ನಗು ಆರಿಹೋಯಿತು. ದೇಬೋರಾ ಅದನ್ನು ಕಂಡಳು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

"ತಟ್ಟಿ ಹಿಡ್ಕೊಂಡು ಅಕ್ಕನ ಬಾಜೂ ನಿಂದ್ರವ್ವ," ಎಂದಳು ದೇಬೋರಾ.

ಪ್ರಣಿತಾ ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಅವ್ವನ ಡಬ್ಬಿಯ ಹೋಳಿಗೆ ಜೋಡಿಸಿದ ತಟ್ಟೆ ಹಿಡಿದು ನಿಂತಳು. ಬೀಗರು ಕೂತು ವಂದನೆ ಹೇಳಿ ಮುಗಿಸುವಷ್ಟರಲ್ಲಿ ಬ್ಲೆಸ್ಸಿಗೆ ಇನ್ನೂ ಅರ್ಧ ಹೆಜ್ಜೆ ಹತ್ತಿರ ಸರಿದಳು. ಮೇಡಂ ನಿಲ್ಲಿಸಿದ ಜಾಗ ಬಲ್ಬಿನ ಬೆಳಕಿಗೆ ಸರಿಯಾಗಿ ಹೊಂದಿರಲಿಲ್ಲ, ಅದನ್ನು ಅವಳೇ ತಿದ್ದಿಕೊಟ್ಟಳು. ಅಡುಗೆಮನೆ ಬಾಗಿಲಿನ ಮಬ್ಬಿನಲ್ಲಿ ತನ್ನ ಬಣ್ಣ ಮರೆಸಿಕೊಂಡು ನಿಂತಿದ್ದ ದೇಬೋರಾಳಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಆದರೆ ಬ್ಲೆಸ್ಸಿಯ ಮುಖ ಮಾತ್ರ ಹೊಸ ತಾಮ್ರದಂತೆ ಮಿನುಗುತ್ತಿತ್ತು.

"ಹುಡುಗಿ ಅಪ್ಪನ ಬಣ್ಣ ತಗೊಂಡಾಳ್ರಿ," ಎಂದಳು ರೂತಮ್ಮ, ಮೆಚ್ಚಿ. ಶಾಲೋಮ ತಲೆ ತಗ್ಗಿಸಿ ನಕ್ಕ. ಅವನಿಗೆ ಹುಡುಗಿ ಹಿಡಿಸಿದ್ದಳು.

ಆಮೇಲೆ ಆ ಸೂಜಿ ಕಣ್ಣು ಪ್ರಣಿತಾಳ ಮೇಲೆ ಬಿತ್ತು. "ಈಕಿ ನಿಮ್ಮ ಸಣ್ಣ ಮಗಳೇನ್ರಿ?"

ದೇಬೋರಾ ಈ ಪ್ರಶ್ನೆಯನ್ನು ಎಣಿಸಿರಲಿಲ್ಲ. ಎಲ್ಲ ಬಣ್ಣಗಳನ್ನೂ ಲೆಕ್ಕ ಹಾಕಿದವಳು ರಕ್ತಸಂಬಂಧದ ಲೆಕ್ಕ ಮರೆತಿದ್ದಳು. ತಂಗಿ ಇಷ್ಟು ಕಪ್ಪಾದರೆ ವಂಶದಲ್ಲೇ ಕಪ್ಪಿದೆ, ನಾಳೆ ಮೊಮ್ಮಕ್ಕಳೂ ಹೀಗೇ ಹುಟ್ಟಿಯಾವು ಎಂಬ ಅಂಜಿಕೆ ರೂತಮ್ಮನ ಹುಬ್ಬಿನಲ್ಲಿ ಮೂಡುತ್ತಿದ್ದದ್ದು ಕಂಡಿತು. ಶಿಷ್ಯೆ ಅಂದಿದ್ದರೆ ಮುಗಿಯುತ್ತಿತ್ತು, ನಿಜವೂ ಅದೇ. ಆದರೆ ಆ ಗಳಿಗೆಯಲ್ಲಿ ಈ ಹುಡುಗಿಯನ್ನು ಆದಷ್ಟು ದೂರ ನೂಕಬೇಕು ಎಂಬುದೊಂದೇ ದೇಬೋರಾಳಿಗೆ ಹೊಳೆದದ್ದು.

"ಇಲ್ರಿ, ಇಲ್ರಿ! ನಮ್ಮಾಕಿ ಅಲ್ರಿ. ಮನಿಗೆಲಸಕ್ಕ ಬರ್ತಾಳ್ರಿ."

ಪ್ರಣಿತಾಳ ಕೈಯಲ್ಲಿದ್ದ ತಟ್ಟೆ ಅಲುಗಲಿಲ್ಲ. ರೂತಮ್ಮನ ಹುಬ್ಬು ಸಡಿಲಾಯಿತು. ಕೆಲಸದವಳೆಂದ ಮೇಲೆ ಕೆಲಸ ಹೇಳಬೇಕಲ್ಲ? "ಏ ಹುಡುಗಿ, ನೀರ ತಾ. ಈ ಬಸಿ ಒಯ್ಯಿ. ಹೊರಗ ಬಿಸಲಾಗ ನಮ್ಮ ಚಪ್ಪಲಿ ಅವ, ನೆರಳಿಗಿ ಇಡು," ಎಂದಳು. ಪ್ರಣಿತಾ ನೀರು ತಂದಳು, ಬಸಿ ಒಯ್ದಳು, ಚಪ್ಪಲಿಗಳನ್ನು ನೆರಳಿಗಿಟ್ಟು ಬಂದಳು. ಹೋಳಿಗೆ ಬಾಯಿಗಿಟ್ಟು ರೂತಮ್ಮ ಕಣ್ಣರಳಿಸಿ, "ಹೋಳಿಗಿ ಯಾರು ಮಾಡ್ಯಾರ್ರಿ? ಭಾಳ ರುಚಿ ಅವ," ಅಂದಳು. "ನಮ್ಮ ಬ್ಲೆಸ್ಸಿನೇ ಮಾಡ್ಯಾಳ್ರಿ," ಎಂದು ದೇಬೋರಾ ಹೇಳಿದ್ದೂ ಪ್ರಣಿತಾಳಿಗೆ ಕೇಳಿಸಿತು. ಅಲ್ಲೇ ಕೂತಲ್ಲೇ ಮಾತು ಮುಗಿಯಿತು, ಪ್ರಾರ್ಥನೆ ಮಾಡಿ ಸಕ್ಕರೆ ಹಂಚಿದರು.

ಕಾರು ಹೋದ ಮೇಲೆ ದೇಬೋರಾ ಅಡುಗೆಮನೆಗೆ ಬಂದಳು. ಪ್ರಣಿತಾ ಬಸಿಗಳನ್ನೆಲ್ಲ ತೊಳೆದು ಬೋರಲು ಹಾಕುತ್ತಿದ್ದಳು.

"ಪ್ರಣಿತಾ, ಬಾಯಿ ತಪ್ಪಿ ಬಂತವ್ವ. ತಪ್ಪ ತಿಳಕೋಬ್ಯಾಡ."

"ನಮ್ಮವ್ವನ ಡಬ್ಬಿ ಕೊಡ್ರಿ ಮೇಡಂ," ಎಂದಳು ಪ್ರಣಿತಾ. "ಬಸ್ಸಿಗಿ ತಡಾ ಆಗ್ತದ್ರಿ."

ಅವಳು ಹೋದ ಮೇಲೆ ಬ್ಲೆಸ್ಸಿ ಬಂದು ಬಾಗಿಲಿಗೆ ಒರಗಿದಳು. "ಮಮ್ಮಿ, ಆಕಿನ್ನ ಯಾಕ ಕರಸಿದ್ದಿ?" ಇಲ್ಲಿಯಾದರೂ ದೇಬೋರಾ ಸುಮ್ಮನಿರಬೇಕಿತ್ತು. ಆದರೆ ಕಲಿಸುವವರಿಗೆ ಒಂದು ಚಟ ಇರುತ್ತದೆ, ಕೆಲಸ ಕೈಗೂಡಿದರೆ ಅದನ್ನು ಬಿಡಿಸಿ ಹೇಳದೆ ಜೀವ ನಿಲ್ಲುವುದಿಲ್ಲ. ಪರದೆ ಯಾಕೆ, ಬಲ್ಬು ಯಾಕೆ, ನಿಂಬೆ ಬಣ್ಣ ಯಾಕೆ, ಪಕ್ಕದ ಮುಖ ಯಾಕೆ ಎಂದು ಎಲ್ಲವನ್ನೂ ಮಗಳಿಗೆ ಹೆಮ್ಮೆಯಿಂದ ಪಾಠ ಮಾಡಿದಳು. ಬ್ಲೆಸ್ಸಿ ಪೂರ್ತಿ ಕೇಳಿ, ಒಳಗೆ ಹೋಗಿ ಸೀರೆ ಬದಲಿಸಿದಳು.

ಸೋಮವಾರ ಪ್ರಣಿತಾ ಬರಲಿಕ್ಕಿಲ್ಲ ಎಂದುಕೊಂಡಿದ್ದಳು ದೇಬೋರಾ, ಬಾರದಿದ್ದರೇ ವಾಸಿ ಎಂದೂ ಬಯಸಿದ್ದಳು. ಆದರೆ ಪ್ರಣಿತಾ ಮೊದಲ ಬೆಂಚಿನಲ್ಲಿ ಕೂತಿದ್ದಳು. ಪಾಠದ ನಡುವೆ ಆಯೆಶಾ ಎಂಬ ಹುಡುಗಿ ಎದ್ದು, "ಮೇಡಂ, ಈ ಬಾಜೂ ಬಣ್ಣದ್ದು ಬಟ್ಟಿಗಿ ಅಷ್ಟೇ ಏನ್ರಿ, ಮನಷಾರಿಗೂ ನಡೀತದೇನ್ರಿ?" ಎಂದು ಕೇಳಿದಳು. ದೇಬೋರಾಳ ಕೈಯಲ್ಲಿದ್ದ ಸೀಮೆಸುಣ್ಣದ ಕಡ್ಡಿ ನಿಂತಿತು.

"ನಾ ಹೇಳ್ಲೇನ್ರಿ ಮೇಡಂ?" ಎಂದು ಪ್ರಣಿತಾ ಎದ್ದಳು. ಅಪ್ಪಣೆಗೆ ಕಾಯಲಿಲ್ಲ. "ನಡೀತದ. ಒಬ್ಬ ಕಪ್ಪ ಹುಡುಗಿನ್ನ ಕಾಫಿ ಬಣ್ಣದ ಪರದಿ ಮುಂದ ಕುಂದರಸ್ಬೇಕು. ಹಳದಿ ಬಲ್ಬ ಹಚ್ಬೇಕು. ಆಕಿಗಿಂತ ಕಪ್ಪನಾಕಿಗಿ ನಿಂಬಿಹಣ್ಣಿನ ಬಣ್ಣದ ಸೀರಿ ಉಡಿಸಿ ಬಾಜೂ ನಿಂದರಸ್ಬೇಕು. ಕುಂತಾಕಿ ಬೆಳ್ಳಗ ಕಾಣ್ತಾಳ. ಖರೇ, ನಿಂತಾಕಿ ಯಾರು ಅಂತ ಕೇಳಿದ್ರ ಮನಿಗೆಲಸದಾಕಿ ಅಂತ ಹೇಳ್ಬೇಕು. ಇಲ್ಲಂದ್ರ ಬಣ್ಣ ಹೊಂದಂಗಿಲ್ಲ."

ಒಬ್ಬಿಬ್ಬರು ನಕ್ಕರು. ಉಳಿದವರು ತಲೆ ಬಗ್ಗಿಸಿ ಬರೆದುಕೊಂಡರು. "ಮೇಡಂ, ಇದು ಪರೀಕ್ಷಾಕ್ಕ ಬರ್ತದೇನ್ರಿ?" ಎಂದಳು ಆಯೆಶಾ.

"ಬರ್ತದ," ಎಂದಳು ದೇಬೋರಾ. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು, ಆದರೂ ಒಂದು ಕ್ಷಮೆಯ ಮಾತು ಆ ಬಾಯಿಂದ ಹೊರಡಲಿಲ್ಲ. ಮಗಳ ಮದುವೆ ಮುಗಿಯಲಿ, ಆಮೇಲೆ ಔರಾದಕ್ಕೆ ಹೋಗಿ ಶಾಲುಬಾಯಿಯ ಮುಂದೆಯೇ ಮಾತಾಡಿದರಾಯಿತು ಎಂದುಕೊಂಡಳು.

ಮದುವೆ ಭಾಲ್ಕಿಯಲ್ಲಿ. ಅವರ ಪದ್ಧತಿಯಂತೆ ಮದುಮಗಳ ಬಿಳಿ ಸೀರೆ ಗಂಡಿನ ಮನೆಯವರದು. ಕೆನೆ ಬಣ್ಣದ್ದಾದರೆ ಚೆನ್ನ ಎಂದು ದೇಬೋರಾ ಎಷ್ಟು ಸುತ್ತಿ ಬಳಸಿ ಹೇಳಿದರೂ ರೂತಮ್ಮ ಕೇಳಲಿಲ್ಲ, ಸೋಲಾಪುರದಿಂದ ಸುಣ್ಣದಂಥ ಅಚ್ಚ ಬಿಳಿ ತರಿಸಿದಳು. ಬಣ್ಣದ ಪಾಠ ಹೇಳುವವಳ ಯಾವ ವಿದ್ಯೆಯೂ ಆ ಬಿಳುಪಿನ ಮುಂದೆ ನಡೆಯುವಂತಿರಲಿಲ್ಲ. ಉಂಗುರ ತೊಡಿಸಿ, ಆಶೀರ್ವಾದ ಮುಗಿಸಿ, ಮದುಮಕ್ಕಳು ನಡುಮಧ್ಯಾಹ್ನದ ಬಿಸಿಲಿಗೆ ಬಂದು ಚರ್ಚಿನ ಸುಣ್ಣದ ಗೋಡೆಯ ಮುಂದೆ ಫೋಟೋಕ್ಕೆ ನಿಂತರು. ಆ ಬಿಳುಪಿನ ನಡುವೆ ಬ್ಲೆಸ್ಸಿಯ ಮುಖ ಕಪ್ಪಿಟ್ಟು ಕಂಡಿತು.

"ನೀವು ನೋಡಿ ಬಂದಾಕಿ ಈಕಿನೇನ?" ಎಂದು ಗಂಡಿನ ಸೋದರತ್ತೆ ಎಲ್ಲರಿಗೂ ಕೇಳುವಂತೆ ಕೇಳಿದಳು. ರೂತಮ್ಮನ ಮುಖ ಬಿಗಿಯಿತು. ಅವಳು ದೇಬೋರಾಳ ಹತ್ತಿರ ಬಂದು, "ಹಗಲ ಹೊತ್ತಿನಾಗ ಬಲ್ಬ ಯಾಕ ಹಚ್ಚೀರಿ ಅಂತ ನಾ ಅವತ್ತೇ ಕೇಳ್ಬೇಕಾಗಿತ್ರಿ," ಎಂದು ಹೇಳಿ ಹೋದಳು. ಶಾಲೋಮ ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದ.

ಬ್ಲೆಸ್ಸಿಗೆ ಎಲ್ಲ ಕೇಳಿಸಿತ್ತು. ಅವಳು ಅಳಲಿಲ್ಲ. ಅಂಗಳದ ಆಚೆ ಹುಣಸೆಮರದ ನೆರಳಿನಲ್ಲಿ ಮುದುರಿ ನಿಂತಿದ್ದ ತಾಯಿಯ ಕಡೆ ತಿರುಗಿ ಕೈ ಚಾಚಿ, "ಮಮ್ಮೀ, ಇಲ್ಲಿ ಬಾ, ನನ್ನ ಬಾಜೂ ನಿಂದ್ರು ಬಾ," ಎಂದು ಕರೆದಳು.

ದೇಬೋರಾಳ ಕಣ್ಣು ತುಂಬಿತು. ಇಷ್ಟು ಜನರ ನಡುವೆ, ಇಂಥ ಹೊತ್ತಿನಲ್ಲಿ, ಮಗಳು ತಾಯಿಯನ್ನು ಬಿಟ್ಟುಕೊಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಿಸಿಲಿಗೆ ಬಂದು ಮಗಳ ಎಡಕ್ಕೆ ನಿಂತಳು. ಬ್ಲೆಸ್ಸಿ ತಾಯಿಯ ತೋಳು ಹಿಡಿದು ಬಲಕ್ಕೆ ಸರಿಸಿದಳು. ಕ್ಯಾಮೆರಾ ಕಡೆ ನಗುತ್ತಲೇ ಕಿವಿಯಲ್ಲಿ ಹೇಳಿದಳು:

"ಈ ಕಡಿ ನಿಂದ್ರು, ಇಲ್ಲಿ ಬಿಸಲ ಛಲೋ ಬೀಳ್ತದ. ನನಗಿಂತ ನೀನೇ ಕಪ್ಪ ಅದಿ. ಎಲ್ಲಾ ಫೋಟೋದಾಗೂ ಇರಬೇಕು ನೋಡು, ಎಲ್ಲಿಗೂ ಹೋಗಬ್ಯಾಡ."

"ಅಮ್ಮಾರೆ, ಜರಾ ನಗ್ರಿ," ಎಂದ ಫೋಟೋದವನು.

ದೇಬೋರಾ ನಕ್ಕಳು. ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಬಂದು ನಿಂತು ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತಿದ್ದರು. ಕಡೆಯ ನೆಂಟರು ಮುಗಿಯುವವರೆಗೆ ಅವಳು ಆ ಜಾಗ ಬಿಟ್ಟು ಕದಲಲಿಲ್ಲ.